ಉದ್ರಿ ಬುಕ್ಕು ಕಲಿಸಿದ ಡೇಟಾಬೇಸ್

‘ಫಾರ್ಮ್ ತುಂಬಿ ಸಬ್‌ಮಿಟ್ ಒತ್ತಿದ್ರಿ. ಆ ಡೇಟಾ ಎಲ್ಲಿ ಹೋಗಿ ಕೂಡ್ತದ?’

ಮಿನಿ ಪ್ರಾಜೆಕ್ಟ್ ವೈವಾದಲ್ಲಿ ಸರ್ ಕೇಳಿದ ಮೊದಲ ಪ್ರಶ್ನೆ ಇದು. ‘ಜಾಂಪ್‌ನಾಗ ಸರ್’ ಎಂದೆ. ‘ಜಾಂಪ್ ಅಂದ್ರ ಬರೀ ಡಬ್ಬಿ. ಡಬ್ಬಿಯೊಳಗ ಯಾವುದರಾಗ?’ ಎಂದರು. ನಾನು ನೆಲ ನೋಡಿದೆ. ಸೀನಿಯರ್ ಒಬ್ಬರ ಪೆನ್‌ಡ್ರೈವ್‌ನಿಂದ ಪ್ರಾಜೆಕ್ಟ್ ತಂದು, ಹೆಸರು ಬದಲಿಸಿ ಒಪ್ಪಿಸಿದ್ದೆ. ಉತ್ತರ ಎಲ್ಲಿಂದ ಬರಬೇಕು?

ಆ ಅವಮಾನ ಮರೆಯಲು ರಜೆಯಲ್ಲಿ ಮೊದಲಿನಿಂದ ಕಲಿಯೋಣ ಎಂದುಕೊಂಡೆವು. ಇಂಡಿ, ಸಿಂದಗಿ, ಮುದ್ದೇಬಿಹಾಳದವರು ಒಬ್ಬೊಬ್ಬರು, ಬಸವನ ಬಾಗೇವಾಡಿ ತಾಲ್ಲೂಕಿನಿಂದ ನಾನು. ಹೀಗೆ ನಾಲ್ವರು. ನಮ್ಮೂರಿನಲ್ಲಿ ಕಾಕಾನ ಕಿರಾಣಿ ಅಂಗಡಿ ಇದೆ. ಅವರ ಉದ್ರಿ ಬುಕ್ಕನ್ನೇ ವೆಬ್ ಅಪ್ಲಿಕೇಶನ್ ಮಾಡುವುದು ನಮ್ಮ ಯೋಜನೆ.

ಮೊದಲು ಡಬ್ಬಿ ಬಿಚ್ಚಿ ನೋಡಿದೆವು. ಜರ್ಮನಿಯ ಅಪಾಚೆ ಫ್ರೆಂಡ್ಸ್ ತಂಡ 2002ರಿಂದ ಉಚಿತವಾಗಿ ಕೊಡುತ್ತಿರುವ ಕಟ್ಟು ಈ ಜಾಂಪ್. ಹೆಸರಿನ ಮೊದಲ ಅಕ್ಷರ ‘ಎಕ್ಸ್’ ಎಂದರೆ ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ನಡೆಯುತ್ತದೆ ಎಂದರ್ಥ. ಉಳಿದವು ಅಪಾಚೆ, ಮರಿಯಾಡಿಬಿ, ಪಿಎಚ್‌ಪಿ ಮತ್ತು ಪರ್ಲ್. ಮೊದಲು ಇದರಲ್ಲಿ ಮೈಎಸ್‌ಕ್ಯುಎಲ್ ಇತ್ತು, 2015ರಲ್ಲಿ ಆ ಜಾಗಕ್ಕೆ ಮರಿಯಾಡಿಬಿ ಬಂತು. ಎರಡರ ಹಿಂದೆಯೂ ಇರುವವರು ಫಿನ್ಲೆಂಡಿನ ಮೈಕೆಲ್ ವಿಡೆನಿಯಸ್. ಒಂದಕ್ಕೆ ಹಿರಿಯ ಮಗಳು ‘ಮೈ’ ಹೆಸರು, ಇನ್ನೊಂದಕ್ಕೆ ಕಿರಿಯ ಮಗಳು ‘ಮರಿಯಾ’ ಹೆಸರು ಇಟ್ಟರು!

ಯಾರ ಕೆಲಸ ಏನು ಎಂಬುದು ಕಾಕಾನ ಅಂಗಡಿಯಲ್ಲಿ ಕೂತಾಗ ಸಲೀಸಾಗಿ ಅರ್ಥವಾಯಿತು. ಕಟ್ಟೆಯ ಮುಂದೆ ನಿಂತ ಗಿರಾಕಿ ಬ್ರೌಸರ್. ‘ಏನ್ ಬೇಕ್ರಿ?’ ಎಂದು ಕೇಳಿ ಒಳಗೆ ಮುಟ್ಟಿಸುವ ಹುಡುಗ ಅಪಾಚೆ. ಲೆಕ್ಕ ಹಾಕುವ ಕಾಕಾನ ತಲೆ ಪಿಎಚ್‌ಪಿ. ಉದ್ರಿ ಬುಕ್ಕು ಮರಿಯಾಡಿಬಿ. ಈ ನಾಲ್ಕೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ಇರುವುದರಿಂದ ಇಂಟರ್ನೆಟ್ ಇಲ್ಲದೆಯೂ ಕೆಲಸ ನಡೆಯುತ್ತದೆ. ನೆಟ್‌ವರ್ಕ್ ಹುಡುಕಿ ಮಾಳಿಗೆ ಹತ್ತುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ಕೋಡ್ ಇರುವ ಫೋಲ್ಡರನ್ನು ಜಿಪ್ ಮಾಡಿ, ಎಕ್ಸ್‌ಪೋರ್ಟ್ ಮಾಡಿದ ಡೇಟಾಬೇಸ್ ಫೈಲ್ ಜೊತೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಇಂಡಿಯ ಗೆಳೆಯನ ಲ್ಯಾಪ್‌ಟಾಪ್‌ನಲ್ಲೂ ಅದೇ ಪುಟ ತೆರೆಯುತ್ತಿತ್ತು.

ಮೊದಲ ಪೆಟ್ಟು ಬಿದ್ದದ್ದು ಕನ್ನಡದಿಂದ. ಗಿರಾಕಿಗಳ ಹೆಸರು ಟೈಪ್ ಮಾಡಿ ಸೇವ್ ಒತ್ತಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು! ಹಳೆಯ ಕೋಡ್‌ನಿಂದ ಟೇಬಲ್ ನಕಲು ಮಾಡಿದ್ದೆವು, ಅದು ಇಂಗ್ಲಿಷ್‌ನಂಥ ಭಾಷೆಗಳಿಗೆ ಸಾಲುವ ‘ಲ್ಯಾಟಿನ್1’ ಲಿಪಿ ವ್ಯವಸ್ಥೆಯಲ್ಲಿತ್ತು. ಅದರಲ್ಲಿ ಕನ್ನಡ ಅಕ್ಷರಗಳಿಗೆ ಜಾಗವೇ ಇಲ್ಲ. ‘ಯುಟಿಎಫ್8ಎಂಬಿ4’ಗೆ ಬದಲಿಸಿದ ಮೇಲೆ ಹೊಸ ಹೆಸರುಗಳು ಸರಿಯಾಗಿ ಬಂದವು. ಆದರೆ ಅಳಿಸಿಹೋದ ಹೆಸರುಗಳು ಮರಳಲಿಲ್ಲ, ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆವು.

ಎರಡನೆಯ ಪೆಟ್ಟು ಇನ್ನೂ ಜೋರು. ಒಬ್ಬರು ಹಣ ಕೊಟ್ಟರೆಂದು ‘ಬಸಪ್ಪ’ ಎಂದು ಹುಡುಕಿ ಬಾಕಿಯನ್ನು ಸೊನ್ನೆ ಮಾಡಿದೆ. ನೋಡಿದರೆ ಮೂವರು ಬಸಪ್ಪರ ಬಾಕಿಯೂ ಸೊನ್ನೆ! ಕಾಕಾ ನಕ್ಕರು. ‘ಬಸವಣ್ಣ ಹುಟ್ಟಿದ ನೆಲ ಇದು. ಬರೀ ಬಸಪ್ಪ ಅಂದ್ರ ಯಾವ ಬಸಪ್ಪ ಅಂತ ತಿಳೀಬೇಕು?’ ಎನ್ನುತ್ತಾ ತಮ್ಮ ಬುಕ್ಕು ತೆರೆದರು. ಅಲ್ಲಿ ಬಾವಿ ಬಸಪ್ಪ, ಪ್ಯಾಟಿ ಬಸಪ್ಪ, ಮಾಸ್ತರ ಬಸಪ್ಪ ಬೇರೆ ಬೇರೆ ಪುಟದಲ್ಲಿದ್ದರು. ಪ್ರೈಮರಿ ಕೀ ಎಂಬುದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅರ್ಥವಾದದ್ದು ಆ ದಿನ. ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಟ್ಟೆವು.

ಕಾಕಾ ಇನ್ನೊಂದು ಮಾತು ಹೇಳಿದರು: ‘ನಾ ಹಳೇ ಬಾಕಿ ಅಳಸಂಗಿಲ್ಲ. ಕೊಟ್ಟಿದ್ದನ್ನ ಕೆಳಗ ಬರೀತೀನಿ. ನಾಳೆ ಜಗಳ ಬಂದ್ರ ತೋರಸಾಕ ಬೇಕಲ್ಲ?’ ನಾವು ಟೇಬಲನ್ನೇ ಬದಲಿಸಿದೆವು. ಬಾಕಿ ಮೊತ್ತವನ್ನು ತಿದ್ದುವ ಬದಲು ಪ್ರತಿ ಕೊಡುಕೊಳ್ಳುವಿಕೆಯನ್ನೂ ತಾರೀಖಿನೊಂದಿಗೆ ಹೊಸ ಸಾಲಾಗಿ ಸೇರಿಸಿದೆವು. ಬಾಕಿ ಎಷ್ಟೆಂದು ಕೂಡಿಸಿ ಕಳೆದು ಹೇಳುವುದು ಪಿಎಚ್‌ಪಿ ಕೆಲಸ.

ಒಂದು ಎಚ್ಚರಿಕೆ. ಜಾಂಪ್ ಕಲಿಯುವವರಿಗಾಗಿ ಇರುವ ಕಟ್ಟು. ಹಾಕಿಕೊಂಡಾಗ ಡೇಟಾಬೇಸ್‌ನ ಮುಖ್ಯ ಖಾತೆಗೆ ಪಾಸ್‌ವರ್ಡ್ ಕೂಡ ಇರುವುದಿಲ್ಲ. ಅದನ್ನು ಹಾಗೆಯೇ ಇಂಟರ್ನೆಟ್‌ಗೆ ತೆರೆದಿಟ್ಟರೆ ಅಂಗಡಿಗೆ ಬೀಗ ಹಾಕದೆ ಮನೆಗೆ ಹೋದಂತೆ.

ಕಾಕಾ ಈಗಲೂ ಬುಕ್ಕಿನಲ್ಲೇ ಬರೆಯುತ್ತಾರೆ. ‘ಲ್ಯಾಪ್‌ಟಾಪ್ ತಗೊಂಡು ನೀ ಕಾಲೇಜಿಗೆ ಹ್ವಾದ್ರ ನನ್ನ ಉದ್ರಿ ಯಾರ ಕೇಳಲಿ?’ ಎನ್ನುವುದು ಅವರ ಪ್ರಶ್ನೆ. ಇದಕ್ಕೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ. ಇಂಡಿಯ ಗೆಳೆಯ ಮಾತ್ರ ಅದೇ ಟೇಬಲ್‌ಗಳನ್ನು ತಮ್ಮ ತೋಟದ ನಿಂಬೆಹಣ್ಣಿನ ಲೆಕ್ಕಕ್ಕೆ ಹೊಂದಿಸುತ್ತಿದ್ದಾನೆ.

ರೆಡಿಮೇಡ್ ಪ್ರಾಜೆಕ್ಟ್ ತರುವ ಮುನ್ನ ನಿಮ್ಮ ಮನೆಯ ಒಂದು ಲೆಕ್ಕದ ಪುಸ್ತಕ ತೆರೆದು ನೋಡಿ. ಡೇಟಾ ಎಲ್ಲಿ ಹೋಗಿ ಕೂಡುತ್ತದೆ ಎಂದು ಈಗ ಯಾರು ಕೇಳಿದರೂ ನಾನು ನೆಲ ನೋಡುವುದಿಲ್ಲ.