ವಾಸಿಯಾದ ಮೇಲೆ ಮತ್ತೊಂದು ಕ್ಯಾನ್ಸರು: ಹಳೆಯ ಬೇರೋ, ಹೊಸ ಮೊಳಕೆಯೋ?

ಕಳೆದ ಹಿಂಗಾರಿಯಲ್ಲಿ ಕಳೆ ನಿಯಂತ್ರಣದ ತರಬೇತಿಗೆಂದು ಒಂದು ಹಳ್ಳಿಗೆ ಹೋಗಿದ್ದಾಗ ಹಿರಿಯ ರೈತರೊಬ್ಬರು ನನ್ನನ್ನು ಬದಿಗೆ ಕರೆದು ಮಾತನಾಡಿಸಿದರು. ಅವರ ತಮ್ಮನಿಗೆ ಆರು ವರ್ಷಗಳ ಹಿಂದೆ ಬಾಯಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ವಾಸಿಯಾಗಿತ್ತು. ಈಗ ರೊಟ್ಟಿ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತಿದೆ. "ಹಳೇದ ಹಬ್ಬೇತ್ರಿ ಸರ. ಇನ್ನ ಏನ್ ಮಾಡಿದ್ರ ಏನ ಉಪಯೋಗ ಅಂತ ಮನ್ಯಾಗ ಸುಮ್ಮ ಕುಂತೀವಿ" ಎಂದರು.

ನಾನು ಬೇಸಾಯಶಾಸ್ತ್ರದ ಅಧ್ಯಾಪಕ, ವೈದ್ಯನಲ್ಲ. ಆದರೂ ಈ ವಿಷಯವನ್ನು ವೈದ್ಯ ಮಿತ್ರರಿಂದ ಕೇಳಿ, ಓದಿ ತಿಳಿದುಕೊಂಡಾಗ, ಇದನ್ನು ರೈತ ಬಾಂಧವರಿಗೆ ತಿಳಿಸುವುದು ಅವಶ್ಯಕವೆನಿಸಿತು. ಹೊಲದ ಕಳೆಯನ್ನು ಬಲ್ಲವರಿಗೆ ಇದು ಕಷ್ಟದ ವಿಷಯವೇನಲ್ಲ.

ಮೂರು ಬಗೆ

ಕಳೆ ಕಿತ್ತ ಹೊಲದಲ್ಲಿ ಮತ್ತೆ ಕಳೆ ಕಾಣಿಸಿದರೆ ಅದಕ್ಕೆ ಕಾರಣ ಒಂದೇ ಅಲ್ಲ. ಜೇಕಿನ ಗಡ್ಡೆ ಮಣ್ಣಿನಲ್ಲಿ ಉಳಿದು ಅದೇ ಜಾಗದಲ್ಲಿ ಮತ್ತೆ ಚಿಗುರಬಹುದು. ಕಿತ್ತ ಕರಿಕೆಯ ತುಂಡು ಕುಂಟೆಗೆ ಸಿಕ್ಕಿ ಹೊಲದ ಇನ್ನೊಂದು ಮೂಲೆಯಲ್ಲಿ ಬೇರೂರಬಹುದು. ಇವೆರಡೂ ಅಲ್ಲದೆ, ಮಣ್ಣಿನಲ್ಲಿದ್ದ ಬೇರೊಂದು ಬೀಜ ತಾನಾಗಿಯೇ ಮೊಳೆಯಬಹುದು. ಕ್ಯಾನ್ಸರಿನಲ್ಲಿಯೂ ಹೀಗೆಯೇ. ಮೊದಲನೆಯದು ರೋಗದ ಮರುಕಳಿಕೆ, ಎರಡನೆಯದು ಹರಡುವಿಕೆ, ಮೂರನೆಯದು ಹೊಸದಾಗಿ ಹುಟ್ಟಿದ ಎರಡನೆಯ ಮೂಲ ಕ್ಯಾನ್ಸರು.

ಎರಡನೆಯದನ್ನು ಹೊಸದೆಂದು ಕರೆಯಲು ವಾರೆನ್ ಮತ್ತು ಗೇಟ್ಸ್ ಎಂಬ ವಿಜ್ಞಾನಿಗಳು 1932ರಲ್ಲಿ ಮೂರು ನಿಯಮಗಳನ್ನು ಮುಂದಿಟ್ಟರು. ಎರಡು ಗಂಟುಗಳೂ ನಿಜವಾದ ಕ್ಯಾನ್ಸರೇ ಆಗಿರಬೇಕು, ಒಂದಕ್ಕೊಂದು ಪ್ರತ್ಯೇಕವಾಗಿರಬೇಕು, ಒಂದು ಇನ್ನೊಂದರಿಂದ ಹರಡಿದ್ದಲ್ಲವೆಂದು ಖಚಿತವಾಗಬೇಕು. ಬಾಯಿಯ ಕ್ಯಾನ್ಸರು ಸಾಮಾನ್ಯವಾಗಿ ಕುತ್ತಿಗೆಯ ಗ್ರಂಥಿಗಳಿಗೆ, ಮುಂದೆ ಶ್ವಾಸಕೋಶಕ್ಕೆ ಹರಡುತ್ತದೆ. ಅನ್ನನಾಳಕ್ಕೆ ಹರಡುವುದು ಅಪರೂಪ. ಆದ್ದರಿಂದ ಅನ್ನನಾಳದಲ್ಲಿ ಕಾಣಿಸಿದ್ದು ಹೊಸದೇ ಆಗಿರುವ ಸಂಭವ ಹೆಚ್ಚು. ಹರಡಿದ ಕ್ಯಾನ್ಸರಿನ ಚಿಕಿತ್ಸೆ ಬೇರೆ, ಹೊಸದರ ಚಿಕಿತ್ಸೆ ಬೇರೆ. ಹೊಸದನ್ನು ಚಿಕ್ಕದಿರುವಾಗಲೇ ಗುರುತಿಸಿದರೆ ಸಂಪೂರ್ಣ ತೆಗೆದುಹಾಕುವ ಅವಕಾಶವಿರುತ್ತದೆ.

ಹೊಲವೇ ಕೆಟ್ಟಾಗ

ಒಬ್ಬರಿಗೇ ಎರಡು ಬಾರಿ ಏಕೆ? 1953ರಲ್ಲಿ ಅಮೆರಿಕದ ಸ್ಲಾಟರ್ ಮತ್ತು ಅವರ ಸಂಗಡಿಗರು ಬಾಯಿಯ ಕ್ಯಾನ್ಸರಿನ 783 ರೋಗಿಗಳನ್ನು ಪರಿಶೀಲಿಸಿದಾಗ ನೂರಕ್ಕೆ ಸುಮಾರು 11 ಮಂದಿಯಲ್ಲಿ ಒಂದಕ್ಕಿಂತ ಹೆಚ್ಚು ಪ್ರತ್ಯೇಕ ಗಂಟುಗಳು ಕಂಡುಬಂದವು. ಗಂಟಿನ ಸುತ್ತಲಿನ ಪದರವೂ ಕೆಟ್ಟಿತ್ತು. ಇದನ್ನು ವಿವರಿಸಲು ಅವರು ಬಳಸಿದ್ದು 'ಹೊಲ' ಎಂಬ ಅರ್ಥದ ಪದವನ್ನೇ. ತಂಬಾಕು, ಅಡಿಕೆ, ಮದ್ಯ ಇವು ಬಾಯಿ, ಗಂಟಲು, ಅನ್ನನಾಳಗಳ ಒಳಪದರವನ್ನು ವರ್ಷಾನುಗಟ್ಟಲೆ ತೋಯಿಸುತ್ತವೆ. ಒಂದು ಗಿಡ ಕಿತ್ತರೂ ಹೊಲ ಹಾಗೆಯೇ ಉಳಿದಿರುತ್ತದೆ.

ತಂಬಾಕಿಲ್ಲದ ಅಡಿಕೆ ನಿರಪಾಯವೆಂಬ ನಂಬಿಕೆ ನಮ್ಮಲ್ಲಿದೆ. ಅದು ಸರಿಯಲ್ಲ. ಬರಿಯ ಅಡಿಕೆಯೂ ಕ್ಯಾನ್ಸರುಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರು ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೆ ಹೇಳದೆ ವಿಧಿಯಿಲ್ಲ.

ಜಠರದಲ್ಲಿ ಒಂದು ಪ್ರಯೋಗ

ಜಠರದ ಹೊಲವನ್ನು ಕೆಡಿಸುವುದು ಮುಖ್ಯವಾಗಿ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಸೂಕ್ಷ್ಮಾಣು. ಜಪಾನಿನಲ್ಲಿ ಜಠರದ ಚಿಕ್ಕ ಕ್ಯಾನ್ಸರನ್ನು ಕೊಳವೆಯ ಮೂಲಕ ತೆಗೆಸಿಕೊಂಡ 544 ರೋಗಿಗಳನ್ನು, ನಾವು ತಾಕುಗಳನ್ನು ಚೀಟಿ ಎತ್ತಿ ಹಂಚುವಂತೆ, ಎರಡು ಸಮ ಗುಂಪು ಮಾಡಿದರು. ಒಂದು ಗುಂಪಿಗೆ ಈ ಸೂಕ್ಷ್ಮಾಣುವನ್ನು ಕೊಲ್ಲುವ ಔಷಧಿ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಮೂರು ವರ್ಷಗಳಲ್ಲಿ ಔಷಧಿ ಪಡೆದವರಲ್ಲಿ 9 ಮಂದಿಗೆ, ಪಡೆಯದವರಲ್ಲಿ 24 ಮಂದಿಗೆ ಜಠರದ ಬೇರೆ ಜಾಗದಲ್ಲಿ ಹೊಸ ಕ್ಯಾನ್ಸರು ಕಾಣಿಸಿತು. ಈ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಗಿಡ ಕಿತ್ತ ಮೇಲೂ ಹೊಲವನ್ನು ಸರಿಪಡಿಸಿದರೆ ಲಾಭವಿದೆಯೆಂಬುದಕ್ಕೆ ಇದಕ್ಕಿಂತ ಉತ್ತಮ ಪ್ರಾತ್ಯಕ್ಷಿಕೆ ಬೇಕಿಲ್ಲ.

ಬೀಜದಲ್ಲೇ ದೋಷವಿದ್ದಾಗ

ಕೆಲವು ಮನೆತನಗಳಲ್ಲಿ ಚಟವಿಲ್ಲದವರಿಗೂ, ಐವತ್ತು ದಾಟುವ ಮೊದಲೇ, ದೊಡ್ಡ ಕರುಳಿನ ಕ್ಯಾನ್ಸರು ಬರುತ್ತದೆ. ಒಬ್ಬರಿಗೇ ಎರಡು ಮೂರು ಬಾರಿ ಬರಬಹುದು. ಹೆಂಗಸರಲ್ಲಿ ಗರ್ಭಕೋಶಕ್ಕೂ ಬರಬಹುದು. ಅಮೆರಿಕದ ವಾರ್ಥಿನ್ ಇಂಥ ಒಂದು ಮನೆತನದ ವಿವರವನ್ನು 1913ರಲ್ಲಿ ಪ್ರಕಟಿಸಿದರು. ಮುಂದೆ ಹೆನ್ರಿ ಲಿಂಚ್ ಇದನ್ನು ಕೂಲಂಕಷವಾಗಿ ಅಭ್ಯಸಿಸಿದ್ದರಿಂದ ಅವರ ಹೆಸರೇ ಈ ದೋಷಕ್ಕೆ ಬಂದಿದೆ. ತಂದೆ ಅಥವಾ ತಾಯಿಯಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಇಂಥವರು ನಿಗದಿತ ಕಾಲಕ್ಕೆ ಕರುಳಿನ ಪರೀಕ್ಷೆ ಮಾಡಿಸಿಕೊಂಡರೆ ಗಂಟು ಕ್ಯಾನ್ಸರಾಗುವ ಮೊದಲೇ ತೆಗೆಯಲು ಸಾಧ್ಯ.

ಏನು ಮಾಡಬೇಕು?

1. ಚಿಕಿತ್ಸೆ ಮುಗಿದ ಮೇಲೂ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹೋಗಬೇಕು. ಸುಗ್ಗಿಯ ನೆಪ ಬೇಡ.

2. ಮೂರು ವಾರಗಳಾದರೂ ಮಾಯದ ಬಾಯಿಹುಣ್ಣು, ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ನುಂಗಲು ತೊಂದರೆ, ಕಪ್ಪು ಅಥವಾ ರಕ್ತ ಬೆರೆತ ಮಲ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಕಾಯಬಾರದು.

3. ತಂಬಾಕು, ಗುಟ್ಕಾ, ಅಡಿಕೆ, ಮದ್ಯಗಳನ್ನು ಪೂರ್ತಿ ಬಿಡಬೇಕು. ಕರ್ನಾಟಕದಲ್ಲಿ 2013ರಲ್ಲಿಯೇ ಗುಟ್ಕಾ ನಿಷೇಧಿಸಲಾಗಿದೆ. ಮಸಾಲೆ, ತಂಬಾಕುಗಳನ್ನು ಬೇರೆ ಬೇರೆ ಚೀಟಿಯಲ್ಲಿ ಕೊಂಡು ಬೆರೆಸಿ ತಿಂದರೆ ಪರಿಣಾಮ ಒಂದೇ.

4. ಹಳೆಯ ಶಸ್ತ್ರಚಿಕಿತ್ಸೆಯ ಕಾಗದ, ವರದಿಗಳನ್ನು ಪಹಣಿಯಷ್ಟೇ ಜೋಪಾನವಾಗಿಡಬೇಕು. ಹೊಸದೋ ಹಳೆಯದೋ ಎಂದು ನಿರ್ಧರಿಸಲು ವೈದ್ಯರಿಗೆ ಅವು ಬೇಕು.

5. ವಂಶದಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಅಂಗದ ಕ್ಯಾನ್ಸರು ಬಂದಿತ್ತೆಂಬುದನ್ನು ಮುಚ್ಚಿಡದೆ ಹೇಳಬೇಕು.

ಅನ್ನನಾಳದ ಪರೀಕ್ಷೆಗೆ ಹೆದರಬೇಕಾಗಿಲ್ಲ. ತೆಳುವಾದ ಕೊಳವೆಯಿಂದ ಒಳಗೆ ನೋಡುತ್ತಾರೆ. ಅಗತ್ಯವಿದ್ದರೆ ಅಯೋಡಿನ್ ದ್ರಾವಣ ಸಿಂಪಡಿಸುತ್ತಾರೆ. ಆರೋಗ್ಯವಾದ ಪದರ ಕಂದು ಬಣ್ಣಕ್ಕೆ ತಿರುಗುತ್ತದೆ, ಕೆಟ್ಟ ಜಾಗ ಬಣ್ಣ ಹಿಡಿಯುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಹುಬ್ಬಳ್ಳಿಯ ನವನಗರದ ಕ್ಯಾನ್ಸರು ಆಸ್ಪತ್ರೆ ಮುಂತಾದೆಡೆ ಕ್ಯಾನ್ಸರು ತಜ್ಞರಿದ್ದಾರೆ.

ಆ ಹಿರಿಯರು ಮರುವಾರವೇ ತಮ್ಮನನ್ನು ಕರೆದುಕೊಂಡು ಹೋದರು. ಅನ್ನನಾಳದಲ್ಲಿದ್ದದ್ದು ಹೊಸ ಗಂಟು, ಇನ್ನೂ ಹರಡಿರಲಿಲ್ಲ. ಚಿಕಿತ್ಸೆ ನಡೆದಿದೆ. ಎರಡು ತಿಂಗಳು ಸುಮ್ಮನೆ ಕುಳಿತದ್ದಕ್ಕೆ ಅವರು ಇಂದಿಗೂ ಮರುಗುತ್ತಾರೆ. ಕಳೆ ಕಂಡ ದಿನವೇ ಕೈ ಹಾಕಬೇಕೆಂಬುದನ್ನು ರೈತರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ನಮ್ಮ ಮೈಯ ವಿಷಯದಲ್ಲಿಯೂ ಅದನ್ನು ಮರೆಯದಿರೋಣ.