ಕಟ್ಟಿದವರೂ ಕಾಯುವವರೂ

ಗಣಕಯಂತ್ರದ ಮುಂದೆ ಕುಳಿತವನು ಮೌಸನ್ನು ಅಂಗುಲಮಾತ್ರ ಸರಿಸಿದರೆ ತೆರೆಯ ಮೇಲಿನ ಬಾಣವೂ ಸರಿಯುತ್ತದೆ. ಕೀಲಿಯೊಂದನ್ನು ಒತ್ತಿದರೆ ಅಕ್ಷರವೊಂದು ಮೂಡುತ್ತದೆ. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲವೆಂದು ನಾವೆಲ್ಲರೂ ಭಾವಿಸಿರುವೆವು. ನಲ್ಲಿಯನ್ನು ತಿರುಗಿಸಿದರೆ ನೀರು ಬರುವುದು ಹೇಗೋ ಇದೂ ಹಾಗೆಯೇ ಎಂಬುದು ನಮ್ಮ ಎಣಿಕೆ. ಆದರೆ ನಲ್ಲಿಯ ಹಿಂದೆ ಕೊಳವೆಯೂ, ಕೊಳವೆಯ ಹಿಂದೆ ಕೆರೆಯೂ, ಕೆರೆಯ ಏರಿಯ ಮೇಲೆ ನೀರಗಂಟಿಯೂ ಇರುವಂತೆ, ಬೆರಳಿಗೂ ತೆರೆಗೂ ನಡುವೆ ಒಂದು ತಂತ್ರಾಂಶವುಂಟು. ಅದನ್ನು ಹಗಲಿರುಳು ಕಾಯುವ ಕೆಲವೇ ಮಂದಿಯೂ ಉಂಟು. ಆ ಕೆಲವರ ಕೆಲಸವನ್ನು ಕುರಿತು ವಾಚಕರೊಡನೆ ನಾಲ್ಕು ಮಾತುಗಳನ್ನಾಡುವುದು ಈ ಲೇಖನದ ಉದ್ದೇಶವಾಗಿದೆ.

ನಾವು ಹೇಳಹೊರಟಿರುವುದು ‘ಲಿಬ್‌ಇನ್‌ಪುಟ್’ ಎಂಬ ತಂತ್ರಾಂಶದ ವಿಷಯ. ತಂತ್ರಾಂಶಿಗರ ಪರಿಭಾಷೆಯಲ್ಲಿ ಇದೊಂದು ಲೈಬ್ರರಿ. ಈ ಮಾತಿನಿಂದ ಪುಸ್ತಕ ಭಂಡಾರವೆಂದು ತಿಳಿಯಬಾರದು. ಅನೇಕ ತಂತ್ರಾಂಶಗಳಿಗೆ ಸಾಮಾನ್ಯವಾಗಿ ಬೇಕಾಗುವ ಕೆಲಸವೊಂದನ್ನು ಒಂದೇ ಕಡೆ ಬರೆದಿಟ್ಟು, ಬೇಕಾದವರು ಕರೆದು ಬಳಸಿಕೊಳ್ಳಲೆಂದು ಬಿಟ್ಟಿರುವ ವ್ಯವಸ್ಥೆಗೆ ಆ ಹೆಸರು. ಲಿನಕ್ಸ್ ವ್ಯವಸ್ಥೆಯುಳ್ಳ ಲ್ಯಾಪ್‌ಟಾಪ್‌ಗಳಲ್ಲಿಯೂ ಮೇಜಿನ ಗಣಕಗಳಲ್ಲಿಯೂ ಕೀಲಿಮಣೆ, ಮೌಸ್, ಟಚ್‌ಪ್ಯಾಡ್, ಸ್ಪರ್ಶದ ತೆರೆ, ಚಿತ್ರಕಾರರ ಲೇಖನಿ ಮುಂತಾದ ಸಾಧನಗಳಿಂದ ಬರುವ ಸುದ್ದಿಯನ್ನು ಅರ್ಥಮಾಡಿಕೊಳ್ಳುವುದೇ ಇದರ ಕಾಯಕ. ಗ್ನೋಮ್, ಕೆಡಿಇ ಎಂಬ ಎರಡು ಪ್ರಸಿದ್ಧ ತೆರೆವ್ಯವಸ್ಥೆಗಳೂ ಇದನ್ನೇ ಆಶ್ರಯಿಸಿವೆ. ಇದರ ಮೂಲಪಾಠವು ಎಲ್ಲರಿಗೂ ತೆರೆದಿದೆ. ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಬೆಲೆಯೆಂಬುದು ಕಾಸೂ ಇಲ್ಲ.

ಇದು ಹುಟ್ಟಿದ ಬಗೆಯನ್ನು ಸ್ವಲ್ಪ ತಿಳಿಯುವುದು ಅವಶ್ಯ. ೧೯೮೪ರಲ್ಲಿ ಅಮೆರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಪ್ರಾರಂಭವಾದ ‘ಎಕ್ಸ್’ ಎಂಬ ತೆರೆವ್ಯವಸ್ಥೆಯು ಯೂನಿಕ್ಸ್ ಮತ್ತು ಲಿನಕ್ಸ್ ಪ್ರಪಂಚವನ್ನು ಬಹುಕಾಲ ಆಳಿತು. ಅದರಲ್ಲಿ ಒಂದೊಂದು ಬಗೆಯ ಸಾಧನಕ್ಕೂ ಒಂದೊಂದು ಚಾಲಕ ತಂತ್ರಾಂಶವಿತ್ತು: ಮೌಸು ಕೀಲಿಮಣೆಗಳಿಗೆ ಒಂದು, ಟಚ್‌ಪ್ಯಾಡಿಗೆ ಇನ್ನೊಂದು, ಚಿತ್ರಲೇಖನಿಗೆ ಮತ್ತೊಂದು. ೨೦೦೮ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಎಂಬವರು ‘ವೇಲ್ಯಾಂಡ್’ ಎಂಬ ಹೊಸ ಪದ್ಧತಿಯನ್ನು ಆರಂಭಿಸಿದರು. ಹೊಸ ಮನೆಯಲ್ಲಿ ಹಳೆಯ ಚಾಲಕಗಳಿಗೆ ಸ್ಥಳವಿರಲಿಲ್ಲ. ತೆರೆವ್ಯವಸ್ಥೆ ಬರೆಯುವ ಪ್ರತಿಯೊಬ್ಬನೂ ಬೆರಳಿನ ಚಲನೆಯ ಗಣಿತವನ್ನು ತಾನೇ ಮೊದಲಿನಿಂದ ಬರೆಯಬೇಕಾದ ಸಂಕಟ ಒದಗಿತು. ಹತ್ತು ಮಂದಿ ಹತ್ತು ಬಾವಿಗಳನ್ನು ತೋಡುವುದಕ್ಕಿಂತ ಎಲ್ಲರೂ ಸೇರಿ ಒಂದು ಕೆರೆಯನ್ನು ಕಟ್ಟುವುದು ಲೇಸಲ್ಲವೇ? ಹೀಗೆಂದು, ವೇಲ್ಯಾಂಡಿನ ಮಾದರಿ ವ್ಯವಸ್ಥೆಯೊಳಗಿದ್ದ ಆ ಭಾಗವನ್ನು ಯೋನಾಸ್ ಓಡಾಲ್ ಎಂಬವರು ಬೇರ್ಪಡಿಸಿ ಪ್ರತ್ಯೇಕ ಲೈಬ್ರರಿಯಾಗಿ ಮಾಡಿದರು. ಅನಂತರ ರೆಡ್ ಹ್ಯಾಟ್ ಕಂಪನಿಯ ಇಂಜಿನಿಯರರಾದ ಪೀಟರ್ ಹಟ್ಟರರ್ ಎಂಬವರು ಅದರ ಮುಖ್ಯ ಪಾಲಕರಾದರು. ೨೦೧೫ರಲ್ಲಿ ಅದರ ೧.೦ ಆವೃತ್ತಿಯು ಹೊರಬಂದಿತು.

ಕಟ್ಟಿದ ಕಥೆ ಇಲ್ಲಿಗೆ ಮುಗಿಯಿತು. ಕಾಯುವ ಕಥೆಯಾದರೋ ಇಲ್ಲಿಂದ ಮೊದಲಾಗುತ್ತದೆ.

ಟಚ್‌ಪ್ಯಾಡ್ ಎಂಬ ಸಾಧನವನ್ನೇ ತೆಗೆದುಕೊಳ್ಳೋಣ. ಅಂಗೈಯಗಲದ ಒಂದು ನುಣುಪಾದ ಹಲಗೆ. ಅದರ ಮೇಲೆ ಬೆರಳಾಡಿಸುವುದು. ಇಷ್ಟೇ ಅಲ್ಲವೇ ಎಂದು ತೋರಬಹುದು. ಆದರೆ ಯಂತ್ರವು ‘ಬೆರಳು’ ಎಂದು ಹೇಳುವುದಿಲ್ಲ. ಇಂತಹ ಸ್ಥಾನದಲ್ಲಿ ಏನೋ ಒಂದು ತಗುಲಿದೆ, ಅದರ ಒತ್ತಡ ಇಷ್ಟು ಎಂದು ಅಂಕೆಗಳನ್ನು ಮಾತ್ರ ಕಳುಹಿಸುತ್ತದೆ. ತಗುಲಿದ್ದು ತೋರುಬೆರಳೇ, ಕೆಳಗೆ ವಿಶ್ರಮಿಸುತ್ತಿರುವ ಹೆಬ್ಬೆರಳೇ, ಬೆರಳಚ್ಚು ಮಾಡುವಾಗ ಅರಿಯದೆ ತಾಗಿದ ಅಂಗೈಯೇ? ಎರಡು ಬೆರಳುಗಳು ಇಳಿದವೆಂದರೆ ಪುಟವನ್ನು ಸರಿಸಬೇಕೆಂದೇ, ಚಿತ್ರವನ್ನು ಹಿಗ್ಗಿಸಬೇಕೆಂದೇ? ಇವನ್ನೆಲ್ಲ ಮನುಷ್ಯನ ಕಣ್ಣಿಗೆ ವಿಳಂಬವೆಂದು ತೋರದಷ್ಟು ಅಲ್ಪಕಾಲದಲ್ಲಿ ನಿರ್ಣಯಿಸಬೇಕು. ನಿರ್ಣಯವು ತಪ್ಪಿದರೆ ಬರೆಯುತ್ತಿರುವವನ ಬಾಣವು ಹಾರಿ, ವಾಕ್ಯದ ನಡುವೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗುವುವು.

ಇಷ್ಟು ಸಾಲದೆಂಬಂತೆ, ಸಾಧನಗಳು ಸುಳ್ಳನ್ನೂ ಹೇಳುತ್ತವೆ. ಕೆಲವು ಟಚ್‌ಪ್ಯಾಡುಗಳು ತಮ್ಮ ಉದ್ದಗಲಗಳನ್ನು ತಪ್ಪಾಗಿ ವರದಿ ಮಾಡುತ್ತವೆ. ಅಂತಹವುಗಳ ನಿಜವಾದ ಅಳತೆಯನ್ನು ಬಳಕೆದಾರನೊಬ್ಬನು ಅಡ್ಡಪಟ್ಟಿಯಿಟ್ಟು ಅಳೆದು ಕಳುಹಿಸಬೇಕು. ಅದನ್ನು ಮಾದರಿಯ ಹೆಸರಿನೊಡನೆ ಪಟ್ಟಿಯೊಂದರಲ್ಲಿ ದಾಖಲಿಸಬೇಕು. ಸವೆದ ಮೌಸಿನ ಗುಂಡಿಯನ್ನು ಒಂದು ಸಲ ಒತ್ತಿದರೆ ಅದು ಎರಡು ಸಲ ಒತ್ತಿದಂತೆ ಕೂಗುತ್ತದೆ. ಆ ಎರಡನೆಯ ಕೂಗು ನಿಜವೋ ಹುಸಿಯೋ ಎಂದು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಸೋಸಬೇಕು. ತಯಾರಕರು ಪ್ರತಿ ವರ್ಷವೂ ಹೊಸ ಮಾದರಿಗಳನ್ನು ಮಾರುಕಟ್ಟೆಗೆ ತರುತ್ತಾರೆ. ಪ್ರತಿ ಮಾದರಿಗೂ ತನ್ನದೇ ಆದ ಒಂದು ವಕ್ರತೆ. ಲಿಬ್‌ಇನ್‌ಪುಟ್ಟಿನಲ್ಲಿ ಇಂತಹ ವಕ್ರತೆಗಳಿಗಾಗಿಯೇ ಪ್ರತ್ಯೇಕವಾದ ಕಡತಗಳಿವೆ. ಅವು ಕೆರೆಯಲ್ಲಿ ತುಂಬುವ ಹೂಳಿನಂತೆ. ಎತ್ತಿದಷ್ಟೂ ಮತ್ತೆ ಬರುತ್ತಲೇ ಇರುವುದು.

ಹೀಗಿರಲು ಪಾಲಕನ ದಿನಚರಿಯು ಎಂತಹುದೆಂದು ಊಹಿಸಬಹುದು. ‘ನನ್ನ ಟಚ್‌ಪ್ಯಾಡ್ ಕೆಲಸ ಮಾಡುವುದಿಲ್ಲ’ ಎಂದು ಎಲ್ಲಿಯೋ ಒಬ್ಬನು ದೂರು ಬರೆಯುತ್ತಾನೆ. ಯಾವ ಯಂತ್ರ, ಯಾವ ಆವೃತ್ತಿ, ಏನು ಮಾಡಿದಾಗ ಏನಾಯಿತು, ಒಂದೂ ಇಲ್ಲ. ಆ ಯಂತ್ರವು ಪಾಲಕನ ಬಳಿಯಲ್ಲಿಯೂ ಇಲ್ಲ. ಈ ತೊಡಕನ್ನು ಬಿಡಿಸಲು ಒಂದು ಜಾಣ ಉಪಾಯವನ್ನು ಮಾಡಿದ್ದಾರೆ. ದೂರುಗಾರನ ಬೆರಳಿನ ಚಲನೆಗಳನ್ನೆಲ್ಲ ಕಡತವೊಂದರಲ್ಲಿ ಸೆರೆಹಿಡಿಯುವ ಉಪಕರಣವುಂಟು. ಅದನ್ನು ಪಾಲಕನು ತನ್ನ ಗಣಕದಲ್ಲಿ ಮರಳಿ ನುಡಿಸಿ, ಸಾವಿರಾರು ಮೈಲಿಗಳಾಚೆಯ ಬೆರಳು ಅಲ್ಲಿಯೇ ಆಡುತ್ತಿರುವಂತೆ ನೋಡಬಹುದು. ಇದರಲ್ಲಿ ಒಂದು ಮರ್ಯಾದೆಯ ಅಂಶವನ್ನು ಗಮನಿಸತಕ್ಕದ್ದು: ದೂರುಗಾರನು ಅರಿಯದೆ ತನ್ನ ಗುಪ್ತಪದವನ್ನೂ ಕಳುಹಿಸಿಬಿಟ್ಟಾನೆಂದು, ಬಳಕೆದಾರನು ತಾನಾಗಿ ಕೇಳಿದ ಹೊರತು, ಒತ್ತಿದ ಅಕ್ಷರದ ಕೀಲಿಗಳು ಯಾವುವೆಂಬುದನ್ನು ಆ ಉಪಕರಣವು ಮರೆಮಾಡಿಯೇ ಬರೆಯುತ್ತದೆ. ಹೀಗೆ ಒಂದು ದೋಷವನ್ನು ತಿದ್ದಿದ ಮೇಲೆ, ಆ ತಿದ್ದುಪಡಿಯಿಂದ ಬೇರೆ ನೂರು ಯಂತ್ರಗಳಲ್ಲಿ ಹೊಸ ದೋಷ ಹುಟ್ಟಲಿಲ್ಲವೆಂದು ಪರೀಕ್ಷಿಸಬೇಕು. ಅದಕ್ಕಾಗಿ ಇಲ್ಲದ ಸಾಧನಗಳನ್ನು ಇರುವಂತೆ ಕಲ್ಪಿಸಿ ನಡೆಯಿಸುವ ಪರೀಕ್ಷೆಗಳ ದೊಡ್ಡ ಸಮೂಹವೇ ಇದೆ. ಸರಿಯಾದುದನ್ನು ಯಾರೂ ಕಾಣುವುದಿಲ್ಲ. ತಪ್ಪಾದುದನ್ನು ಎಲ್ಲರೂ ಕಾಣುವರು. ಪಾಲಕನ ಪಾಡೇ ಇದು.

ಪಾಲಕನ ಇನ್ನೊಂದು ಕರ್ತವ್ಯವು ಇದಕ್ಕಿಂತಲೂ ಕಠಿನ: ‘ಆಗದು’ ಎಂದು ಹೇಳುವುದು. ಹಳೆಯ ಟಚ್‌ಪ್ಯಾಡ್ ಚಾಲಕದಲ್ಲಿ ಬಳಕೆದಾರನು ತಿರುಗಿಸಬಹುದಾದ ಆಯ್ಕೆಗಳು ಹತ್ತಾರು ಇದ್ದವು. ಒಂದನ್ನು ತಿರುಗಿಸಿದರೆ ಇನ್ನೊಂದು ಕೆಡುವುದು. ಎಲ್ಲ ಜೋಡಣೆಗಳನ್ನೂ ಪರೀಕ್ಷಿಸುವುದು ಮನುಷ್ಯಸಾಧ್ಯವಾಗಿರಲಿಲ್ಲ. ಆದುದರಿಂದ ಲಿಬ್‌ಇನ್‌ಪುಟ್ಟಿನವರು ಆಯ್ಕೆಗಳನ್ನು ಬುದ್ಧಿಪೂರ್ವಕವಾಗಿ ಕಡಮೆ ಮಾಡಿ, ಇರುವುದು ತಾನಾಗಿಯೇ ಸರಿಯಾಗಿ ನಡೆಯಬೇಕೆಂಬ ನೀತಿಯನ್ನು ಹಿಡಿದರು. ಇದರಿಂದ ಅಸಮಾಧಾನಗೊಂಡವರು ಇಲ್ಲದಿಲ್ಲ. ಅವರ ಮಾತಿನಲ್ಲಿ ಸ್ವಲ್ಪವೂ ಹುರುಳಿಲ್ಲವೆಂದು ನಾವು ಹೇಳಲಾರೆವು. ಒಬ್ಬನ ಕೈಯಂತೆ ಇನ್ನೊಬ್ಬನ ಕೈ ಇರುವುದಿಲ್ಲ, ಹಳೆಯ ಅಭ್ಯಾಸವನ್ನು ಬಿಡಿಸುವುದು ನೋವಿನ ಮಾತು. ಆದರೂ ಕೇಳಿದವರಿಗೆಲ್ಲ ಒಂದೊಂದು ತೂಬನ್ನು ತೆಗೆದುಕೊಟ್ಟರೆ ಏರಿಯೇ ನಿಲ್ಲದೆಂಬುದನ್ನು ಕೆರೆಯನ್ನು ಕಂಡ ಯಾವನೂ ಬಲ್ಲನು.

ಕೇವಲ ಅನುಕೂಲದ ಮಾತಾಗಿದ್ದರೆ ನಾವು ಇಷ್ಟು ವಿಸ್ತಾರವಾಗಿ ಬರೆಯುತ್ತಿರಲಿಲ್ಲ. ಇಲ್ಲಿ ಅಪಾಯದ ಮಾತೂ ಇದೆ. ೨೦೨೨ರಲ್ಲಿ ಈ ಲೈಬ್ರರಿಯಲ್ಲಿಯೇ ಒಂದು ಬಿರುಕು ಪತ್ತೆಯಾಯಿತು. ಹೊಸ ಸಾಧನವೊಂದನ್ನು ಗಣಕಕ್ಕೆ ಜೋಡಿಸಿದಾಗ ಅದರ ಹೆಸರನ್ನು ದಿನಚರಿಯಲ್ಲಿ ಬರೆದುಕೊಳ್ಳುವ ಕ್ರಮವಿದೆ. ದುರುದ್ದೇಶವುಳ್ಳವನು ಆ ಹೆಸರಿನಲ್ಲಿಯೇ ಕೆಲವು ವಿಶೇಷ ಚಿಹ್ನೆಗಳನ್ನು ಅಡಗಿಸಿಟ್ಟರೆ, ಬರೆದುಕೊಳ್ಳುವ ಕಾರ್ಯವೇ ಅವನ ಆಜ್ಞೆಯನ್ನು ನಡೆಯಿಸುವ ಕಾರ್ಯವಾಗಿ ಮಾರ್ಪಡುವ ಸಂಭವವಿತ್ತು. ಒಂದು ಸಾಧನದ ಹೆಸರು ಆಯುಧವಾಗುವುದೆಂದರೆ! ಪಾಲಕರು ಎಚ್ಚರವಾಗಿದ್ದುದರಿಂದ ತಿದ್ದುಪಡಿಯಾದ ಆವೃತ್ತಿಗಳು ಬಿಡುಗಡೆಯಾಗಿ ಬಿರುಕು ಮುಚ್ಚಿತು. ಕಾಯುವವನೇ ಇಲ್ಲದಿದ್ದರೆ ಗತಿಯೇನು?

ಈ ಪ್ರಶ್ನೆಗೆ ೨೦೨೪ರ ಮಾರ್ಚ್ ತಿಂಗಳು ಭಯಂಕರವಾದ ಉತ್ತರವನ್ನು ಕೊಟ್ಟಿತು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಬೇರೊಂದು ಲೈಬ್ರರಿಯನ್ನು ಬಹುಕಾಲ ಒಬ್ಬನೇ ಪಾಲಕನು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದನು. ಅವನು ದಣಿದಿದ್ದನು. ಸಹಾಯಕನ ವೇಷದಲ್ಲಿ ಒಬ್ಬ ಅಪರಿಚಿತನು ಬಂದು, ಎರಡು ವರ್ಷಕ್ಕೂ ಮೇಲ್ಪಟ್ಟು ನಯವಾಗಿ ದುಡಿದು, ವಿಶ್ವಾಸವನ್ನು ಗಳಿಸಿ, ಕಡೆಗೆ ಆ ಲೈಬ್ರರಿಯೊಳಗೆ ಕಳ್ಳಬಾಗಿಲೊಂದನ್ನು ಇಟ್ಟನು. ಮೈಕ್ರೋಸಾಫ್ಟ್ ಕಂಪನಿಯ ಇಂಜಿನಿಯರನೊಬ್ಬನು ದೂರದ ಗಣಕವನ್ನು ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡಿನಷ್ಟು ಹೆಚ್ಚು ವಿಳಂಬವಾಗುತ್ತಿರುವುದನ್ನು ಕಂಡು ಹುಡುಕಿಕೊಂಡು ಹೋದುದರಿಂದ ಆ ವಂಚನೆಯು ಬಯಲಾಯಿತು. ಅರ್ಧ ಸೆಕೆಂಡಿನ ಮೇಲೆ ಲೋಕದ ಅಸಂಖ್ಯಾತ ಗಣಕಗಳ ಕ್ಷೇಮವು ನಿಂತಿದ್ದಿತು! ಏರಿಯು ಒಡೆಯುವುದು ಮಳೆಯಿಂದ ಮಾತ್ರವಲ್ಲ. ನೀರಗಂಟಿಯು ಸೋತು ಕುಸಿದಾಗಲೂ ಒಡೆಯುವುದು.

ಇದೆಲ್ಲ ದೂರದೇಶದ ಮಾತು, ಕನ್ನಡಿಗರಿಗೆ ಇದರಿಂದೇನು ಎಂದು ಕೇಳುವವರಿಗೆ ಒಂದು ದೃಷ್ಟಾಂತವನ್ನು ಕೊಡುವೆವು. ಲಿನಕ್ಸ್ ಗಣಕದ ಮುಂದೆ ಕುಳಿತು ಕನ್ನಡದ ‘ಕ’ಕಾರವನ್ನು ಬರೆಯಬಯಸುವವನು ಕನ್ನಡ ಗಣಕ ಪರಿಷತ್ತಿನ ‘ಕಗಪ’ ವಿನ್ಯಾಸವನ್ನು ಆರಿಸಿ, ಇಂಗ್ಲಿಷಿನ ‘ಕೆ’ ಕೀಲಿಯನ್ನು ಒತ್ತುತ್ತಾನೆ. ಲಿನಕ್ಸಿನ ತಿರುಳು ಆ ಕೀಲಿಯನ್ನು ೩೭ ಎಂಬ ಅಂಕೆಯಿಂದ ಗುರುತಿಸುತ್ತದೆ. ಲಿಬ್‌ಇನ್‌ಪುಟ್ ಆ ೩೭ನ್ನು ತೆರೆವ್ಯವಸ್ಥೆಗೆ ಮುಟ್ಟಿಸುತ್ತದೆ. ಅದಕ್ಕೆ ಕನ್ನಡವೂ ತಿಳಿಯದು, ಇಂಗ್ಲಿಷೂ ತಿಳಿಯದು. ಅನಂತರ ಮತ್ತೊಂದು ಲೈಬ್ರರಿಯು, ಕಗಪ ವಿನ್ಯಾಸವನ್ನೂ ಒಳಗೊಂಡ ಲೋಕದ ಕೀಲಿಮಣೆಗಳ ದೊಡ್ಡ ಕೋಷ್ಟಕವನ್ನು ನೋಡಿ, ೩೭ ಎಂದರೆ ‘ಕ’ ಎಂದು ನಿರ್ಣಯಿಸುತ್ತದೆ. ಆ ಕೋಷ್ಟಕವನ್ನೂ ಮುಕ್ತ ತಂತ್ರಾಂಶದವರೇ ಪಾಲಿಸುತ್ತಿದ್ದಾರೆ. ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೂ ಆ ಗಣಕದಲ್ಲಿ ‘ಕ’ಕಾರವು ಮೂಡದು. ನಮ್ಮ ಅಕ್ಷರಗಳು ಯಾರ ಹೆಗಲ ಮೇಲೆ ಸವಾರಿಮಾಡುತ್ತಿವೆಯೆಂಬುದನ್ನು ನಾವು ತಿಳಿಯದಿರುವುದು ಕೃತಘ್ನತೆಗೆ ಸಮೀಪವಾದುದು.

ಹಾಗಾದರೆ ಮಾಡತಕ್ಕದ್ದೇನು? ಹಟ್ಟರರ್ ಅವರಿಗೆ ಕಂಪನಿಯ ಸಂಬಳವಾದರೂ ಉಂಟು. ಈ ಕ್ಷೇತ್ರದ ಅನೇಕರಿಗೆ ಅದೂ ಇಲ್ಲ. ಒಂದೇ ಕಂಪನಿಯ ಆಶ್ರಯವು ಬಲವೂ ಹೌದು, ದೌರ್ಬಲ್ಯವೂ ಹೌದು. ಧಣಿಯ ಮನಸ್ಸು ಬದಲಾದರೆ ಕೆರೆಗೆ ದಿಕ್ಕಿಲ್ಲ. ಲಿಬ್‌ಇನ್‌ಪುಟ್ಟಿನ ಮೂಲಪಾಠವು ನೆಲಸಿರುವ ಫ್ರೀಡೆಸ್ಕ್‌ಟಾಪ್ ಎಂಬ ಸಾರ್ವಜನಿಕ ತಾಣಕ್ಕೆ ೨೦೨೫ರಲ್ಲಿ ಇಂತಹುದೇ ಅನುಭವವಾಯಿತು. ಅದಕ್ಕೆ ಯಂತ್ರಗಳನ್ನು ಧರ್ಮಾರ್ಥವಾಗಿ ಒದಗಿಸುತ್ತಿದ್ದ ಕಂಪನಿಯು ಆ ವ್ಯಾಪಾರವನ್ನೇ ಮುಚ್ಚಲು ನಿಶ್ಚಯಿಸಿದುದರಿಂದ, ಕೆಲವೇ ತಿಂಗಳುಗಳಲ್ಲಿ ಎಲ್ಲವನ್ನೂ ಹೊತ್ತು ಬೇರೆ ನೆಲೆಗೆ ಹೋಗಬೇಕಾಯಿತು. ದಾನದ ಮೇಲೆ ನಿಂತ ಕೆಲಸಕ್ಕೆ ದಾನಿಯು ಒಬ್ಬನೇ ಇರಬಾರದೆಂಬ ಪಾಠವು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ನಾಡಿನ ಹಿರಿಯರು ಈ ಪಾಠವನ್ನು ಬಲ್ಲವರಾಗಿದ್ದರು. ಕೆರೆಯನ್ನು ಕಟ್ಟಿಸಿದವನ ಕೀರ್ತಿಯನ್ನು ಕಲ್ಲಿನಲ್ಲಿ ಕೊರೆದುದಲ್ಲದೆ, ಕೆರೆಯ ರಕ್ಷಣೆಗೆಂದೇ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿಯನ್ನೂ ನಮ್ಮ ಶಾಸನಗಳು ಹೇಳುತ್ತವೆ. ಕಟ್ಟುವುದು ಒಂದು ಸಲದ ಪುಣ್ಯ, ಕಾಯುವುದು ನಿತ್ಯದ ಧರ್ಮ ಎಂಬ ವಿವೇಕವು ಅದರಲ್ಲಿದೆ. ಈ ವಿವೇಕವನ್ನೇ ಇಂದಿನ ಕಾಣದ ಕೆರೆಗಳಿಗೂ ಅನ್ವಯಿಸಬೇಕಾಗಿದೆ. ಮುಕ್ತ ತಂತ್ರಾಂಶದಿಂದ ಲಾಭಪಡೆಯುವ ಕಂಪನಿಗಳೂ ಸರಕಾರಗಳೂ ಅದರ ಪಾಲನೆಗೆಂದೇ ಹಣವನ್ನೂ ಜನರನ್ನೂ ವರ್ಷವರ್ಷವೂ ಮೀಸಲಿಡಲಿ. ಇಂಜಿನಿಯರಿಂಗ್ ಓದುವ ನಮ್ಮ ತರುಣರು ಹೊಸದೊಂದನ್ನು ಕಟ್ಟಿ ಹೆಸರು ಪಡೆಯುವ ಆತುರದಲ್ಲಿ, ಇರುವುದನ್ನು ಓದಿ ತಿದ್ದುವ ಕೆಲಸವನ್ನು ಕೀಳೆಂದೆಣಿಸದಿರಲಿ. ಅಳತೆಯೊಂದನ್ನು ಸರಿಪಡಿಸಿದರೂ ಅದೊಂದು ಬುಟ್ಟಿ ಹೂಳನ್ನು ಎತ್ತಿದಂತೆಯೇ. ಏನನ್ನೂ ಬರೆಯಲು ಬಾರದ ಸಾಮಾನ್ಯ ಬಳಕೆದಾರನೂ ಒಂದು ಉಪಕಾರವನ್ನು ಮಾಡಬಲ್ಲನು: ದೂರುವಾಗ ಯಂತ್ರದ ಹೆಸರನ್ನೂ ದೋಷದ ವಿವರವನ್ನೂ ಸಮಾಧಾನದಿಂದ ಬರೆಯಲಿ, ಬೈಗುಳವನ್ನು ಬಿಡಲಿ.

ಬಾಣವು ಸರಿಯಾಗಿ ಸರಿದ ದಿನ ಯಾರೂ ಯಾರನ್ನೂ ನೆನೆಯುವುದಿಲ್ಲ. ಆ ದಿನವು ತಾನಾಗಿ ಬಂದುದಲ್ಲ, ಯಾರೋ ಕಾದುದರಿಂದ ಬಂದುದು ಎಂಬಷ್ಟನ್ನು ವಾಚಕರು ಮನಗಂಡರೆ ನಮ್ಮ ಶ್ರಮವು ಸಾರ್ಥಕವಾಯಿತೆಂದು ತಿಳಿಯುವೆವು.