ಚಿಹ್ನೆ ಬರೆದದ್ದು ಸೂಸನ್ ಕೇರ್, ಬೇಡವೆಂದದ್ದು ಸ್ಟೀವ್ ಜಾಬ್ಸ್

ಸ್ಟೀವ್ ಜಾಬ್ಸ್ ಅವರ ಕಥೆ ಹೇಳುವವರು ಸಾಮಾನ್ಯವಾಗಿ ಕನಸೆಲ್ಲ ಅವರದು, ಉಳಿದವರು ಹೇಳಿದ್ದನ್ನು ಮಾಡಿಕೊಟ್ಟವರು ಎಂಬಂತೆ ಬರೆಯುತ್ತಾರೆ. ಸೂಸನ್ ಕೇರ್ ಅವರ ಕೆಲಸ ನೋಡಿದರೆ ಈ ಮಾತು ನಿಲ್ಲುವುದಿಲ್ಲ. 1983ರಲ್ಲಿ ಆಪಲ್‌ನ ಮ್ಯಾಕಿಂಟಾಷ್ ತಂಡ ಸೇರಿದಾಗ ಅವರ ಬಳಿ ಇದ್ದದ್ದು ಕಲೆಯ ಓದು. ಕಂಪ್ಯೂಟರ್‌ಗೆ ಚಿತ್ರ ಬರೆದ ಅನುಭವವಲ್ಲ. ಕರೆತಂದವರೂ ಜಾಬ್ಸ್ ಅಲ್ಲ, ಹೈಸ್ಕೂಲಿನ ಗೆಳೆಯ ಆಂಡಿ ಹರ್ಟ್ಸ್‌ಫೆಲ್ಡ್. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 32 ಮನೆ. ಎಳೆ ಎಣಿಸಿ ಕಸೂತಿ ಹಾಕುವಂತೆ ಒಂದೊಂದೇ ಮನೆಗೆ ಕಪ್ಪು ತುಂಬಿ ಅವರು ನಗುಮುಖದ ಕಂಪ್ಯೂಟರ್, ಬಾಂಬ್, ಕೈಗಡಿಯಾರಗಳನ್ನು ಮೂಡಿಸಿದರು. ಆ ಕೈಚಳಕ ಯಾರೂ ಕೊಟ್ಟದ್ದಲ್ಲ.

ಹಾಗಾದರೆ ಜಾಬ್ಸ್ ಕೊಟ್ಟದ್ದೇನು? ನನ್ನ ಪ್ರಕಾರ, ಬಿಡಿಸಲು ಯೋಗ್ಯವಾದ ಸಮಸ್ಯೆ. ಮೆನುವಿನ ಪ್ರತಿ ಆದೇಶದ ಪಕ್ಕ ಆಪಲ್ ಲಾಂಛನ ಕಂಡಾಗ ಅವರು, ಇದು ಅತಿಯಾಯಿತು, ತೆಗೆಯಿರಿ ಎಂದರು. ಬದಲಿಗೆ ಏನು ಹಾಕಬೇಕೆಂದು ಹೇಳಲಿಲ್ಲ. ಕೇರ್ ಚಿಹ್ನೆಗಳ ನಿಘಂಟು ತಿರುವಿಹಾಕಿ, ಸ್ವೀಡನ್ನಿನಲ್ಲಿ ನೋಡತಕ್ಕ ಸ್ಥಳಗಳನ್ನು ಸೂಚಿಸುವ, ನಾಲ್ಕು ಮೂಲೆಗಳಲ್ಲೂ ಕುಣಿಕೆಯಿರುವ ಗುರುತನ್ನು ಆರಿಸಿದರು. ಮ್ಯಾಕ್ ಕೀಲಿಮಣೆಯ ಕಮಾಂಡ್ ಕೀಲಿಯ ಮೇಲೆ ಅದು ಇಂದಿಗೂ ಇದೆ. ಅಕ್ಷರವಿನ್ಯಾಸಗಳಿಗೆ ತಂಡದವರು ಫಿಲಡೆಲ್ಫಿಯಾದ ಸಣ್ಣ ರೈಲು ನಿಲ್ದಾಣಗಳ ಹೆಸರಿಟ್ಟಿದ್ದರು. ಇಡುವುದಾದರೆ ಜಗತ್ತಿನ ದೊಡ್ಡ ನಗರಗಳ ಹೆಸರಿಡಿ ಎಂದರು ಜಾಬ್ಸ್. ಶಿಕಾಗೊ, ಜಿನೀವಾ ಬಂದವು.

ಬೇಡ ಎನ್ನುವುದು ಯಾವ ಮೇಲಧಿಕಾರಿಗೂ ಬರುತ್ತದಲ್ಲ ಎಂದು ಕೇಳಬಹುದು. ನಿಜ. ಆದರೆ ಜಾಬ್ಸ್ ರೀಡ್ ಕಾಲೇಜಿನಲ್ಲಿ ಕ್ಯಾಲಿಗ್ರಫಿ ತರಗತಿಯಲ್ಲಿ ಕೂತು ಅಕ್ಷರದ ಅಂದ ಕಲಿತವರು. ಕೇವಲ 128 ಕಿಲೋಬೈಟ್ ಮೆಮೊರಿಯ ಯಂತ್ರದಲ್ಲೂ ಬಗೆಬಗೆಯ ಅಕ್ಷರಗಳಿಗೆ ಜಾಗವಿರಬೇಕೆಂದು ಅವರಿಗೆ ತೋರಿದ್ದು ಅದರಿಂದಲೇ. ಕೆಲಸದ ಬೆಲೆ ಬಲ್ಲವರ ನಿರಾಕರಣೆ ಕಲಾವಿದರನ್ನು ಹುಡುಕಾಟಕ್ಕೆ ಹಚ್ಚುತ್ತದೆ. ಜಾಬ್ಸ್ ಅವರ ಒರಟುತನವೇ ಒಳ್ಳೆಯ ಕೆಲಸ ತೆಗೆಸಿತು ಎಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ. ಮೇಲಿನ ಎರಡು ಪ್ರಸಂಗಗಳಲ್ಲೂ ಫಲ ಕೊಟ್ಟದ್ದು ಸ್ಪಷ್ಟ ಅಭಿರುಚಿ, ಗದರಿಕೆಯಲ್ಲ.

ಕೇರ್ ಮುಂದೆ ಜಾಬ್ಸ್ ಇಲ್ಲದೆಯೂ ಬೆಳೆದರು, 1990ರ ವಿಂಡೋಸ್ 3.0ರ ಸಾಲಿಟೇರ್ ಇಸ್ಪೀಟೆಲೆಗಳು ಅವರವೇ ಎಂಬುದು ಇನ್ನೊಂದು ಆಕ್ಷೇಪ. ಅದು ನನ್ನ ಮಾತಿಗೇ ಪುಷ್ಟಿ. ನಿಜವಾದ ಪ್ರಭಾವ ಕಲಾವಿದರನ್ನು ತನ್ನ ನೆರಳಲ್ಲಿ ಉಳಿಸಿಕೊಳ್ಳುವುದಿಲ್ಲ. ಕಂಪನಿ ಕಟ್ಟುವವರಲ್ಲಿ ಒಂದು ಕೋರಿಕೆ: ಎಲ್ಲ ಮುಗಿದ ಮೇಲೆ ಬಣ್ಣ ಬಳಿಯಲು ವಿನ್ಯಾಸಕಾರರನ್ನು ಕರೆಯಬೇಡಿ, ಯಂತ್ರ ಇನ್ನೂ ರೂಪು ತಳೆಯುತ್ತಿರುವಾಗಲೇ ಕರೆಯಿರಿ.